ಕೊನೆಗೆ ಹೊರಡುವವನು

ಜುಲೈ 3, ಗುರುವಾರ

ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟದವರು ಹೋಗಿ ಸಂಜೆಯ ಚಹಾದವರು ಬರುವುದರೊಳಗೆ ನನಗೆ ಸಿಗುವುದು ಒಂದೂವರೆ ಗಂಟೆ. ಅದರಲ್ಲಿ ಮುಕ್ಕಾಲು ಗಂಟೆಯನ್ನು ಇವತ್ತು ವೆಂಕಟಸುಬ್ಬಯ್ಯನವರು ಫೋನಿನಲ್ಲೇ ತಿಂದುಹಾಕಿದರು. ದಾದರಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು. ಬ್ಯಾಂಕಿನಿಂದ ರಿಟೈರ್ ಆಗಿ ಹತ್ತು ವರ್ಷವಾದರೂ ಅವರ ಬಾಯಿ ಇನ್ನೂ ಡ್ಯೂಟಿಯಲ್ಲಿದೆ.

"ಪ್ರಫುಲ್ಲಮ್ಮ, ಇಪ್ಪತ್ತಾರಕ್ಕೆ ಕಾರ್ಗಿಲ್ ದಿವಸ. ಪ್ರತಿ ವರ್ಷದ ಹಾಗೆ ನಿಮ್ಮ ತಮ್ಮನ ವಿಷಯ ಹತ್ತು ನಿಮಿಷ ಮಾತಾಡ್ಬಿಡಿ. ಈ ಸಲ ಸ್ವಲ್ಪ ವೀರಾವೇಶ ಜಾಸ್ತಿ ಇರ್ಲಿ."

ಇಪ್ಪತ್ತಾರು ವರ್ಷಗಳಿಂದ ಅದೇ ಹತ್ತು ನಿಮಿಷ. ಗ್ರಾಂಟ್ ರೋಡಿನ ಹೋಟೆಲಿನ ಹುಡುಗ ಪ್ರಶಾಂತ ಸೈನ್ಯ ಸೇರಿದ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಲ್ಯಾನ್ಸ್ ನಾಯಕ್ ಆಗಿದ್ದ, ಎಲ್ಲರಿಗಿಂತ ಮುಂದೆ ಓಡಿ ಶತ್ರುವಿನ ಬಂಕರಿಗೆ ನುಗ್ಗಿ ಪ್ರಾಣ ಕೊಟ್ಟ. ಶವಪೆಟ್ಟಿಗೆ ತಂದ ಅಧಿಕಾರಿ ಹೇಳಿದ್ದು ಅಷ್ಟು. ಉಳಿದ ವಿಶೇಷಣಗಳನ್ನೆಲ್ಲ ನಾನೇ ಸೇರಿಸಿದ್ದು.

ಅಮ್ಮ ಆ ಭಾಷಣಕ್ಕೆ ಒಮ್ಮೆಯೂ ಬಂದವರಲ್ಲ. ನಾನು ಸೀರೆ ಉಟ್ಟು ಹೊರಟಾಗ ವರ್ಷ ವರ್ಷವೂ ಒಂದೇ ಪ್ರಶ್ನೆ: "ಎಲ್ಲರಿಗಿಂತ ಮುಂದೆ ಓಡುವ ದರ್ದು ಅವನಿಗೆ ಎಂತ ಇತ್ತು? ಮನೆಯಲ್ಲಿ ತಾಯಿ ಇದ್ದಾಳೆ ಅಂತ ನೆನಪಾಗ್ಲಿಲ್ವಾ?" ಸತ್ತ ಮಗನ ಮೇಲೆ ಇಷ್ಟು ವರ್ಷ ಸಿಟ್ಟು ಉಳಿಸಿಕೊಂಡ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಅವರಿಗೆ ಎಂಬತ್ತೊಂದು. ಮಾರ್ಚಿನಿಂದ ವಡಾಲದ ಮನೆಯಲ್ಲಿ ಮಂಚ ಬಿಟ್ಟು ಏಳುವುದೇ ಕಡಿಮೆ. ಈ ಪ್ರಶ್ನೆಯನ್ನು ಹೊತ್ತುಕೊಂಡೇ ಹೋಗಿಬಿಡುತ್ತಾರೇನೋ ಎಂದು ನನಗೆ ಹೆದರಿಕೆ.

ಫೋನ್ ಇಡುವ ಮೊದಲು ವೆಂಕಟಸುಬ್ಬಯ್ಯನವರು ಮೆಲ್ಲಗೆ ಇನ್ನೊಂದು ಮಾತು ತೆಗೆದರು. ಅವರ ಬಿಲ್ಡಿಂಗಿಗೆ ಹೊಸದಾಗಿ ಬಂದಿರುವ ಸೆಕ್ಯುರಿಟಿ ಸೂಪರ್‌ವೈಸರ್ ಗುರಲಿಂಗಪ್ಪ ಎಂಬವರು ಬೆಳಗಾವಿ ಕಡೆಯವರಂತೆ. ಪ್ರಶಾಂತನ ಸೆಕ್ಷನ್ನಿಗೆ, ಅಂದರೆ ಅವನಿದ್ದ ಸಣ್ಣ ತುಕಡಿಗೆ, ಕಮಾಂಡರ್ ಆಗಿದ್ದವರಂತೆ. ಅವರಿಗೂ ಅವತ್ತೇ ಸನ್ಮಾನವಂತೆ.

ಇದನ್ನು ಮೊದಲು ಹೇಳಬಾರದಿತ್ತೇ!

ಜುಲೈ 6, ಭಾನುವಾರ

ಭಾನುವಾರ ಹಳಿ ರಿಪೇರಿಯ ಬ್ಲಾಕ್ ಎಂದು ಲೋಕಲುಗಳೆಲ್ಲ ತಡ. ಹೋಟೆಲಿನಿಂದ ದಾದರಿನ ವೆಂಕಟಸುಬ್ಬಯ್ಯನವರ ಬಿಲ್ಡಿಂಗಿಗೆ ಹೋಗುವುದರೊಳಗೆ ಅರ್ಧ ಜೀವ ಹೋಗಿತ್ತು. ಗೇಟಿನಲ್ಲಿ ಆ ಗುರಲಿಂಗಪ್ಪ ಮೊದಲು ಮಾಡಿದ ಕೆಲಸವೆಂದರೆ ವಿಸಿಟರ್ ಬುಕ್ ಮುಂದಿಟ್ಟದ್ದು. ಹೆಸರು, ಊರು, ಬಂದ ಕಾರಣ. ಕಾರಣದ ಜಾಗದಲ್ಲಿ ‘ತಮ್ಮ ಪ್ರಶಾಂತ’ ಎಂದು ಬರೆದೆ. ಅದನ್ನು ಓದಿ ಆತ ನಿಧಾನಕ್ಕೆ ಎದ್ದು ನಿಂತ. ಅರುವತ್ತು ದಾಟಿದ ಗಟ್ಟಿ ಆಳು, ಬಲಗಾಲು ಸ್ವಲ್ಪ ಎಳೆಯುತ್ತದೆ.

"ನಮಸ್ಕಾರ್ರಿ ಅಕ್ಕಾರ. ಕುಂಡ್ರಿ."

ಅವತ್ತು ಏನಾಯಿತು ಎಂದು ಕೇಳಿದೆ.

"ಏನ್ ಹೇಳೂದೈತ್ರಿ. ಹುಕುಂ ಬಂತು, ಹೋದ್ವಿ. ಕೆಲಸ ಮುಗೀತು, ಬಂದ್ವಿ."

"ನನ್ನ ತಮ್ಮ ಬರಲಿಲ್ಲ."

"ಹೌದ್ರಿ. ಛಲೋ ಹುಡುಗ ಇದ್ದ."

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಆತ ಎದ್ದು ಹೋದವನು ಹಿಂದೆ ಬರಲೇ ಇಲ್ಲ. ಮುಕ್ಕಾಲು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೇರೆಯವರ ಕಾರುಗಳನ್ನು ಎಣಿಸಿ ಬಂದೆ. ನಾಲ್ಕು ಗಂಟೆಯ ಓಡಾಟಕ್ಕೆ ‘ಛಲೋ ಹುಡುಗ’ ಎಂಬ ಎರಡು ಶಬ್ದ ಸಂಪಾದನೆ.

ಜುಲೈ 8, ಮಂಗಳವಾರ

ಗ್ರೈಂಡರ್ ಕೆಟ್ಟಿದೆ. ಯಜಮಾನರಿಗೂ ನನಗೂ ಬೆಳಿಗ್ಗೆಯೇ ಜಗಳ. ಬರೆಯಲು ಮನಸ್ಸಿಲ್ಲ.

ಜುಲೈ 11, ಶುಕ್ರವಾರ

ಖಾಲಿ ಕೈಯಲ್ಲಿ ಹೋದದ್ದೇ ತಪ್ಪಾಯಿತು ಎಂದುಕೊಂಡು ಇವತ್ತು ಗೋಳಿಬಜೆ, ಚಟ್ನಿ ಕಟ್ಟಿಸಿಕೊಂಡು ಹೋದೆ. ಹೋಟೆಲಿನವರ ಬುದ್ಧಿ ಅಷ್ಟೇ, ಬಾಯಿ ತೆರೆಸಬೇಕಾದರೆ ತಿಂಡಿ ಕೊಡುವುದು. ಆ ಮನುಷ್ಯ ತಿಂದ. ಸ್ವಲ್ಪ ಮಾತನ್ನೂ ಆಡಿದ. ಪ್ರಶಾಂತ ಹಾಲಿನ ಪುಡಿಯಲ್ಲಿ ಮಾಡಿದ ಚಹಾಕ್ಕೆ ಬೇರೆ ಪ್ಲಾಟೂನಿನವರೂ ಬಂದು ನಿಲ್ಲುತ್ತಿದ್ದರಂತೆ. ಎಲ್ಲರೂ ಅವನನ್ನು ‘ಹೋಟೆಲ್‌ವಾಲಾ’ ಎನ್ನುತ್ತಿದ್ದರಂತೆ. ಅವನ ಕಾಲಿಗೆ ಒಂಬತ್ತರ ಬೂಟು, ಸ್ಟೋರಿನಲ್ಲಿ ಸಿಕ್ಕಿದ್ದು ಹತ್ತರದ್ದು, ಹಾಗಾಗಿ ಎರಡು ಜೊತೆ ಸಾಕ್ಸ್ ಹಾಕುತ್ತಿದ್ದನಂತೆ.

ಬೂಟಿನ ನಂಬರು ನೆನಪಿರುವವನಿಗೆ ಅವನು ಸತ್ತದ್ದು ಹೇಗೆ ಎಂಬುದು ನೆನಪಿಲ್ಲವೇ? ನಾನು ಬಿಡಲಿಲ್ಲ. ಅವನು ಎಷ್ಟು ದೂರ ಓಡಿದ, ಬಂಕರ್ ಎಲ್ಲಿತ್ತು, ನೀವು ಅವನಿಗಿಂತ ಎಷ್ಟು ಹಿಂದೆ ಇದ್ದಿರಿ ಎಂದೆಲ್ಲ ಕೇಳಿದೆ. ಆತ ಚಟ್ನಿಯ ಡಬ್ಬಿಯ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಾ ಕೂತ. ಕೊನೆಗೆ ನನ್ನ ತಾಳ್ಮೆ ತಪ್ಪಿತು.

"ಸತ್ಯ ಹೇಳಿ. ನನ್ನ ತಮ್ಮ ಹೆದರಿ ಓಡಿದ್ನಾ?"

ಆತ ಎದ್ದೇಬಿಟ್ಟ. ಮುಖ ಕೆಂಪಾಗಿತ್ತು. "ಆ ಮಾತ ಮಾತ್ರ ಆಡಬ್ಯಾಡ್ರಿ ಅಕ್ಕಾರ," ಎಂದು ಹೇಳಿ ಲಿಫ್ಟಿನ ಕಡೆ ನಡೆದುಹೋದ. ನನ್ನ ಸ್ಟೀಲ್ ಡಬ್ಬಿಯೂ ಅಲ್ಲೇ ಉಳಿಯಿತು.

ಜುಲೈ 12, ಶನಿವಾರ

ನಿದ್ದೆ ಸರಿಯಾಗಲಿಲ್ಲ. ಹೆದರಿ ಓಡಿಲ್ಲವಾದರೆ ಹೇಳಲಿಕ್ಕೇನು ಕಷ್ಟ? ಆ ಗುರಲಿಂಗಪ್ಪನೇ ಹೆದರಿ ಬಂಡೆಯ ಹಿಂದೆ ಕೂತು ನನ್ನ ತಮ್ಮನನ್ನು ಮುಂದೆ ದೂಡಿರಬೇಕು. ಈಗ ಶಾಲು ಹೊದೆಸಿಕೊಳ್ಳಲು ಮಾತ್ರ ಮುಂದೆ ಬರುತ್ತಾನೆ.

ಮಗಳು ಹರಿಣಿಯ ಹತ್ತಿರ ಹೇಳಿಕೊಂಡೆ. ಮೊಬೈಲಿನಿಂದ ತಲೆ ಎತ್ತದೆ, "ಮಮ್ಮಿ, ಛೋಡ್ ನಾ. ಟ್ವೆಂಟಿ ಸಿಕ್ಸ್ ಇಯರ್ಸ್ ಆಯ್ತು. ಈಗ ಗೊತ್ತಾದ್ರೆ ಕ್ಯಾ ಫರಕ್ ಪಡ್ತದೆ?" ಅಂದಳು. ಒಳಕೋಣೆಯಿಂದ ಅಮ್ಮನ ಕೆಮ್ಮು ಕೇಳಿಸಿತು. ಯಾರಿಗೆ ಫರಕ್ ಎಂದು ಅವಳಿಗೆ ವಿವರಿಸುವ ಶಕ್ತಿ ನನಗಿರಲಿಲ್ಲ.

ಜುಲೈ 17, ಗುರುವಾರ

ನಾನು ತಡ ಮಾಡುತ್ತಿದ್ದೇನೆಂದು ವೆಂಕಟಸುಬ್ಬಯ್ಯನವರು ತಾವೇ ನನ್ನ ಭಾಷಣ ಬರೆದು ಕಳಿಸಿದ್ದಾರೆ! ಅದರಲ್ಲಿ ಪ್ರಶಾಂತ ಸಿಂಹದಂತೆ ಗರ್ಜಿಸುತ್ತಾನೆ, ಸಿಡಿಲಿನಂತೆ ಎರಗುತ್ತಾನೆ, ಹನ್ನೊಂದು ಜನ ವೈರಿಗಳನ್ನು ಕೊಲ್ಲುತ್ತಾನೆ. ಹನ್ನೊಂದು ಎಲ್ಲಿಂದ ಬಂತು ಎಂದು ಕೇಳಿದರೆ, "ಸಭೆಗೆ ಒಂದು ಅಂಕಿ ಬೇಕಮ್ಮ," ಎಂದರು.

ನನ್ನ ತಮ್ಮ ಗರ್ಜಿಸಿದವನಲ್ಲ. ಸಪ್ಲೈಯರ್ ಗ್ಲಾಸ್ ಒಡೆದರೂ ಗದರಿಸದೆ ತಾನೇ ಪೊರಕೆ ತರುತ್ತಿದ್ದ. ಅದನ್ನು ಬರೆದರೆ ಸ್ಮರಣ ಸಂಚಿಕೆಯಲ್ಲಿ ಯಾರು ಅಚ್ಚು ಹಾಕುತ್ತಾರೆ?

ಜುಲೈ 20, ಭಾನುವಾರ

ಇವತ್ತು ಮಧ್ಯಾಹ್ನ ಮೂರೂವರೆಗೆ ಗುರಲಿಂಗಪ್ಪನವರು ಹೋಟೆಲಿಗೇ ಬಂದರು. ತೊಳೆದ ಸ್ಟೀಲ್ ಡಬ್ಬಿಯನ್ನು ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲಿಟ್ಟರು. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಹಾಕಿದ ಬೂಟು. ಮೂಲೆಯ ಮೇಜಿಗೆ ಕರೆದೊಯ್ದು ಕೂರಿಸಿದೆ. ಎದುರಿಗಿಟ್ಟ ಚಹಾವನ್ನು ಅವರು ಮುಟ್ಟದೆ ಆರಲು ಬಿಟ್ಟರು. ಇವತ್ತೂ ಇಷ್ಟೇ ಎಂದು ನಾನು ಏಳುವುದರಲ್ಲಿದ್ದೆ.

"ನೀವು ಆವತ್ತ ಕೇಳಿದ ಮಾತು ನಾನ ಆಡೀನ್ರಿ," ಎಂದರು. "ನಿಮ್ಮ ತಮ್ಮಗ. ಹೇಡಿ ಅಂದೀನಿ."

ನಂತರ ಒಂದೇ ಸಮನೆ ಹೇಳಿದರು. ಕೇಳಿದ್ದನ್ನು ಕೇಳಿದ ಹಾಗೆ ಬರೆದಿಡುತ್ತೇನೆ.

ಅವರು ಒಂಬತ್ತು ಜನ ರಾತ್ರಿಯಿಡೀ ಗುಡ್ಡ ಹತ್ತಿದ್ದರು. ಬೆಳಗಾಗುವ ಮೊದಲು ತುದಿಯ ಬಂಕರಿನ ಮೇಲೆ ಬೀಳಬೇಕೆಂದು ಹುಕುಂ. ಆದರೆ ದಾರಿ ಅಂದಾಜಿಗಿಂತ ಕಡಿದಾಗಿತ್ತು, ಬೆಳಕು ಮೊದಲೇ ಬಂತು. ಮುಂದೆ ಬೋಳು ಇಳಿಜಾರು, ಹುಲ್ಲುಕಡ್ಡಿಯ ಮರೆಯೂ ಇಲ್ಲ. ಮೇಲಿನಿಂದ ಮಷಿನ್‌ಗನ್ ಶುರುವಾಯಿತು. ಮೊದಲ ಸುತ್ತಿಗೇ ಗುರಲಿಂಗಪ್ಪನವರ ತೊಡೆಗೆ ಗುಂಡು ಬಿತ್ತು.

"ಹಿಂದ ಸರಿಯೂದು ನನಗ ಯಾರೂ ಕಲಿಸಿದ್ದಿಲ್ರಿ. ಬಿದ್ದಲ್ಲಿಂದ ‘ಆಗೇ ಬಢೋ’ ಅಂತ ಚೀರಿದ್ನಿ. ಹುಡುಗ್ರು ಏಳಾಕ ಹತ್ತಿದ್ರು. ಎದ್ದಿದ್ರ ಒಬ್ಬನೂ ಉಳೀತಿದ್ದಿಲ್ಲ. ಪ್ರಶಾಂತ ‘ಬೈಠೋ’ ಅಂದ. ಚೀರಲಿಲ್ರಿ, ಸಾವಕಾಶ ಅಂದ. ಎಲ್ಲಾರೂ ಕುಂತ್ರು. ಸೆಕ್ಷನ್ ನಂದು, ಹುಕುಂ ನಂದು. ಅವ ನನಗಿಂತ ಎರಡು ದರ್ಜೆ ಸಣ್ಣಾವ. ಆದ್ರ ಹುಡುಗ್ರು ಅವನ ಮಾರಿ ನೋಡಿದ್ರು, ನನ್ನ ಮಾರಿ ನೋಡಲಿಲ್ಲ."

ಪ್ರಶಾಂತ ಒಬ್ಬೊಬ್ಬರಿಗೂ ಕೆಲಸ ಹಂಚಿದನಂತೆ. ತಿಲಕ್ ಎಂಬವನು ಉಸ್ತಾದರನ್ನು, ಅಂದರೆ ಗುರಲಿಂಗಪ್ಪನವರನ್ನು, ಹೆಗಲಿಗೆ ಹಾಕಿಕೊಳ್ಳಬೇಕು. ಶರಣು ಎಂಬ ಹುಡುಗ ಅವರ ಕಾಲಿಗೆ ಬಟ್ಟೆ ಬಿಗಿದು ಜೊತೆಯಲ್ಲಿ ಇಳಿಯಬೇಕು. ಉಳಿದವರು ಇಬ್ಬಿಬ್ಬರಾಗಿ, ತಾನು ಗುಂಡು ಹಾರಿಸುವಾಗ ಮಾತ್ರ ಇಳಿಯಬೇಕು. ತುಕಡಿಯ ಎಲ್‌ಎಂಜಿ ಮಷಿನ್‌ಗನ್ನನ್ನು ತನ್ನ ಮುಂದೆ ಎಳೆದುಕೊಂಡನಂತೆ.

"ಆವಾಗ ಅಂದ್ನಿರಿ. ‘ಹೋಟೆಲ್‌ವಾಲೇ, ಡರ್ ಗಯಾ? ಬುಜ್‌ದಿಲ್!’ ಅಂತ. ಅವ ಸಿಟ್ಟಾಗಲಿಲ್ಲ. ‘ಉಸ್ತಾದ್, ಪೆಹಲೇ ಸ್ಟಾಫ್ ಘರ್ ಜಾಯೇಗಾ, ಶಟರ್ ಮೈಂ ಖೀಂಚೂಂಗಾ’ ಅಂದ. ಶಟರ್ ಅಂದ್ರ ಏನಂತ ನನಗ ಇವತ್ತಿಗೂ ತಿಳಿದಿಲ್ರಿ. ಅಲ್ಲಿ ಗುಡ್ಡದ ಮ್ಯಾಲ ಎಲ್ಲೀ ಶಟರ್?"

ನನಗೆ ತಿಳಿಯಿತು: ಮೊದಲು ಸ್ಟಾಫ್ ಮನೆಗೆ ಹೋಗಲಿ, ಶಟರ್ ನಾನು ಎಳೆಯುತ್ತೇನೆ. ಅಪ್ಪನ ಕಾಲದಿಂದ ನಮ್ಮ ಹೋಟೆಲಿನಲ್ಲಿ ನಡೆದುಬಂದ ಪದ್ಧತಿ ಅದು. ಭಟ್ಟರು, ಸಪ್ಲೈಯರುಗಳು, ಪಾತ್ರೆ ತೊಳೆಯುವವರು ಎಲ್ಲರೂ ಉಂಡು ಹೊರಗೆ ಹೋದ ಮೇಲೆಯೇ ಗಲ್ಲೆಯಲ್ಲಿ ಕೂತವನು ಗ್ಯಾಸ್ ನೋಡಿ, ದೀಪ ಆರಿಸಿ ಶಟರ್ ಎಳೆಯಬೇಕು. ಒಮ್ಮೆ ಗ್ಯಾಸ್ ಸೋರಿ ಅಡುಗೆಮನೆಗೆ ಬೆಂಕಿ ಹತ್ತಿದಾಗಲೂ ಅಪ್ಪ ತಲೆ ಎಣಿಸುತ್ತಾ ಬಾಗಿಲಲ್ಲೇ ನಿಂತಿದ್ದರು. ಗಲ್ಲೆಯ ಮೇಲೆ ಯಾರು ಕೂತಿದ್ದಾರೋ ಅವರು ಕೊನೆಗೆ. ಪ್ರಶಾಂತ ಹದಿನೆಂಟಾಗುವವರೆಗೆ ದಿನವೂ ಮಾಡಿದ್ದು ಅದೇ ಕೆಲಸ.

ನಾನು ಇದನ್ನು ಹೇಳಿದೆ. ಗುರಲಿಂಗಪ್ಪನವರು ಹಳೆಯ ಶಟರಿನ ಕಡೆ ತುಂಬಾ ಹೊತ್ತು ನೋಡಿದರು.

"ಒಂದು ತಾಸು ಅವ ಒಬ್ಬನ ತಡದ್ರಿ. ಎಂಟೂ ಮಂದಿ ಕೆಳಗ ಮುಟ್ಟಿದ್ವಿ. ಎರಡು ದಿನ ಬಿಟ್ಟು ರಾತ್ರಿ ಹೊತ್ತು, ಬ್ಯಾರೆ ಕಡೆಯಿಂದ ಹತ್ತಿ ಗುಡ್ಡ ತಗೊಂಡ್ರು. ನಮ್ಮ ಏಳೂ ಹುಡುಗ್ರು ಕೇಳಿ ಹೋಗಿದ್ರು. ಅವನ್ನ ಅವರ ಹೊತ್ಕೊಂಡ ಬಂದ್ರು."

"ಮತ್ತೆ ಮುಂದೆ ಓಡಿದ ಅಂತ ಯಾಕೆ ಬರೆಸಿದ್ರಿ?"

"ದವಾಖಾನ್ಯಾಗ ಸಾಹೇಬ್ರು ಕೇಳಿದ್ರು. ಅವ ಎಲ್ಲಾರಕಿಂತ ಮುಂದಿದ್ದ ಅಂತ ಬರಸಿದ್ನಿ. ಸುಳ್ಳಲ್ರಿ ಅಕ್ಕಾರ, ನಾವೆಲ್ಲ ಕೆಳಗ, ಅವ ಮ್ಯಾಲ. ಹುಕುಂ ಮೀರಿದ, ಹಿಂದ ಸರಿಸಿದ ಅಂತ ಬರಸಿದ್ರ ಅವಂಗ ಪದಕ ಕೊಡತಿದ್ರೇನು? ನಿಮ್ಮ ತಾಯಿ ಕಿವಿಗೆ ಅದು ಓಡಿಬಂದ ಅಂತ ಕೇಳತಿತ್ತು. ಮತ್ತ... ನನ್ನ ತಪ್ಪೂ ಮುಚ್ಚಿಹೋಗತಿತ್ತಲ್ರಿ."

ಕೊನೆಯ ವಾಕ್ಯವನ್ನು ಮೇಜು ನೋಡಿಕೊಂಡು ಹೇಳಿದರು. ಬಿಲ್ ಕೊಡಲು ಅವರು ಜೇಬಿಗೆ ಕೈ ಹಾಕಿದಾಗ ಜೋರಾಗಿ ಗದರಿಸಿದೆ.

ಜುಲೈ 21, ಸೋಮವಾರ

ಇಪ್ಪತ್ತಾರು ವರ್ಷ ವೇದಿಕೆ ಹತ್ತಿ ಹೇಳಿದ್ದೆಲ್ಲ ಹುಸಿ. ಸಿಟ್ಟು ಬರುತ್ತಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಗುರಲಿಂಗಪ್ಪನವರ ಮೇಲೆ ಎಂದುಕೊಂಡರೆ ಅವರ ಎಳೆಯುವ ಕಾಲು ಕಣ್ಣ ಮುಂದೆ ಬರುತ್ತದೆ. ಅಮ್ಮನಿಗೆ ಇವತ್ತು ಹೇಳೋಣ ಎಂದುಕೊಂಡವಳು ಔಷಧಿ ಕೊಟ್ಟು ಸುಮ್ಮನೆ ಬಂದೆ. ಹಿಂದೆ ಸರಿದದ್ದು ಎಂದ ಕೂಡಲೇ ಅವರೂ ತಪ್ಪು ತಿಳಿದರೆ?

ಜುಲೈ 23, ಬುಧವಾರ

ವೆಂಕಟಸುಬ್ಬಯ್ಯನವರ ಜೊತೆ ಜಗಳ. ಇರುವುದನ್ನು ಇರುವ ಹಾಗೆ ಹೇಳುತ್ತೇನೆ ಎಂದದ್ದಕ್ಕೆ ಅವರು ಬೆವರಿದ್ದು ಫೋನಿನಲ್ಲೇ ಕಾಣಿಸಿತು.

"ಹಿಂದಕ್ಕೆ ಬಂದ್ರು ಅನ್ನೋದನ್ನ ವೀರರ ಸಭೇಲಿ ಹೇಗಮ್ಮ ಹೇಳೋದು? ಚೀಫ್ ಗೆಸ್ಟ್ ಏನಂದ್ಕೋತಾರೆ? ಸಂಚಿಕೆ ಬೇರೆ ಪ್ರಿಂಟಾಗೋಗಿದೆ."

"ಹಾಗಾದ್ರೆ ಸಂಚಿಕೆಯನ್ನೇ ವೇದಿಕೆಗೆ ಹತ್ತಿಸಿ. ನಾನು ಬರುವುದಿಲ್ಲ."

ಆಮೇಲೆ ದನಿ ಇಳಿಸಿ, "ಐದು ನಿಮಿಷದಲ್ಲಿ ಮುಗಿಸ್ತೀರಾ?" ಎಂದರು. ಹೂಂ ಅಂದೆ. ಇನ್ನು ಗುರಲಿಂಗಪ್ಪನವರನ್ನು ಒಪ್ಪಿಸಬೇಕಿತ್ತು. ಅದಕ್ಕೂ ನಾನೇ ಓಡಬೇಕು. ಪದಕ ವಾಪಸ್ ಕೇಳಿದರೆ ಎಂಬುದೊಂದೇ ಅವರ ಅಂಜಿಕೆ. ಪದಕ ಅಮ್ಮನ ಪೆಟ್ಟಿಗೆಯ ತಳದಲ್ಲಿದೆ, ಅವರು ಅದನ್ನು ಒಮ್ಮೆಯೂ ತೆರೆದಿಲ್ಲ ಎಂದೆ. ಗುರಲಿಂಗಪ್ಪನವರು ತಲೆಯಾಡಿಸಿ ಒಪ್ಪಿದರು. ಅವರ ಬಿಪಿ ಮಾತ್ರೆ ಮುಗಿದಿತ್ತಂತೆ, ಎದುರಿನ ಅಂಗಡಿಯಿಂದ ತಂದುಕೊಟ್ಟು ಬಂದೆ.

ಜುಲೈ 25, ಶುಕ್ರವಾರ

ಅಮ್ಮನಿಗೆ ಹೇಳಿದೆ. ಮಧ್ಯಾಹ್ನ ಗಂಜಿ ಕುಡಿಸುತ್ತಾ ಹೇಳಿದೆ. ನಮ್ಮ ತುಳುವಿನಲ್ಲಿ ಹೇಳುವಾಗ ಎಲ್ಲ ಇನ್ನೂ ಸಣ್ಣದಾಗಿ, ಮನೆಯೊಳಗೆ ನಡೆದ ಹಾಗೆ ಕೇಳಿಸಿತು. ಅವನು ಮುಂದೆ ಓಡಿದವನಲ್ಲ ಅಮ್ಮ, ಎಲ್ಲರನ್ನೂ ಮನೆಗೆ ಕಳಿಸಿ ತಾನು ಕೊನೆಗೆ ಉಳಿದ ಎಂದೆ. ಶಟರ್ ಎಳೆಯುತ್ತೇನೆ ಎಂದ ಮಾತನ್ನೂ ಹೇಳಿದೆ. ಅವರು ಚಮಚವನ್ನು ಕೈಯಿಂದ ಸರಿಸಿದರು. ಗೋಡೆ ನೋಡುತ್ತಾ ಮಲಗಿದರು. ಅಳುತ್ತಾರೆ ಎಂದು ಕಾದೆ. ಅಳಲಿಲ್ಲ.

ಹಾಗೆಯೇ ಗೋಡೆ ನೋಡುತ್ತಾ ಕೇಳಿದರು: "ಕೆಳಗೆ ಬಂದ ಮೇಲೆ ಆ ಮಕ್ಕಳು ಉಂಡರಾ?"

"ಗೊತ್ತಿಲ್ಲಮ್ಮ."

"ಎಲ್ಲ ಕೇಳಿದ್ದೀಯಾ, ಇದು ಕೇಳ್ಲಿಲ್ವಾ?"

ನನಗೆ ರೇಗಿತು. ಇಷ್ಟು ದಿನ ದಾದರಿಗೂ ಹೋಟೆಲಿಗೂ ಸುತ್ತಿ, ಜಗಳ ಮಾಡಿ, ಒಂದು ಉತ್ತರ ತಂದು ಮುಂದಿಟ್ಟರೆ ಇವರಿಗೆ ಬೇಕಾದದ್ದು ಊಟದ ಸುದ್ದಿ! "ನಾಳೆ ಕೇಳ್ತೇನೆ," ಎಂದು ಗಂಜಿಯ ಬಟ್ಟಲನ್ನು ಕುಕ್ಕಿ ಎದ್ದೆ.

ಜುಲೈ 26, ಶನಿವಾರ

ಸಂಜೆ ಏಳು. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಬರೆಯುತ್ತಿದ್ದೇನೆ.

ಸಭೆ ಹತ್ತೂವರೆಗೆ ಎಂದದ್ದು ಹನ್ನೆರಡಕ್ಕೆ ಶುರುವಾಯಿತು. ಐದು ನಿಮಿಷ ಮಾತಾಡಿದೆ. ಸಿಂಹವೂ ಇಲ್ಲ, ಸಿಡಿಲೂ ಇಲ್ಲ. ‘ಬೈಠೋ’ ಅಂದ, ಎಂಟು ಜನರನ್ನು ಇಳಿಸಿದ, ತಾನು ಇಳಿಯಲಿಲ್ಲ ಎಂದೆ. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ವೆಂಕಟಸುಬ್ಬಯ್ಯನವರು ಗಡಿಯಾರ ನೋಡಿದರು. ಆಗ ಗುರಲಿಂಗಣ್ಣ ಕುರ್ಚಿಯಿಂದ ಎದ್ದು ಮೈಕಿನ ಹತ್ತಿರ ಬಂದರು. "ಆ ಎಂಟನೇದಾವ ನಾನ್ರಿ. ಹುಕುಂ ನಂದು ತಪ್ಪಿತ್ತು. ಕಮಾಂಡರ್ ಅವ ಇದ್ದ," ಎಂದು ಹೇಳಿ, ಹೊದೆಸಿದ ಶಾಲನ್ನು ತೆಗೆದು ಪ್ರಶಾಂತನ ಫೋಟೋದ ಮುಂದೆ ಮಡಚಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಹರಿಣಿ ಎದ್ದು ನಿಂತಳು. ಆಮೇಲೆ ಉಳಿದವರು.

ಊಟದ ಗಲಾಟೆಯಲ್ಲಿ ಅವರನ್ನು ಪಕ್ಕಕ್ಕೆ ಕರೆದು ಅಮ್ಮನ ಪ್ರಶ್ನೆ ಕೇಳಿದೆ. ಕೇಳಲು ನನಗೇ ನಾಚಿಕೆಯಾಗುತ್ತಿತ್ತು. ಅವರು ಕೈಯಲ್ಲಿದ್ದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಉಂಡ್ವಿರಿ," ಎಂದರು. "ಕೆಳಗ ಪೂರಿ, ಆಲೂಗಡ್ಡಿ ಪಲ್ಯ ಬಂದಿತ್ತು. ಒಂಬತ್ತು ಮಂದೀದು. ಮ್ಯಾಲ ಎಲ್‌ಎಂಜಿ ಸಪ್ಪಳ ಆಗಲೇ ನಿಂತಿತ್ರಿ. ಅವನ ಪಾಲು ಬಾಜೂಕ ತಗದಿಟ್ವಿ. ಎರಡು ದಿನದಿಂದ ಹೊಟ್ಟಿಗೆ ಏನೂ ಇದ್ದಿಲ್ಲ. ಕಡೀಗೆ ಅದನ್ನೂ ಹಂಚ್ಕೊಂಡು ತಿಂದ್ವಿ. ನಾನ ಹಂಚಿದ್ನಿರಿ. ಹೇಡಿ ಅಂದಿದ್ದು ಹ್ಯಾಂಗೋ ತಡಕೊಂಡೀನಿ ತಂಗೀ, ಇದು ಮಾತ್ರ ಗಂಟಲದಾಗ ನಿಂತೈತಿ. ತಾಯಿಗಿದನ್ನ ಹೇಳಬ್ಯಾಡವಾ."

ಹೇಳಬಾರದು ಎಂದುಕೊಂಡೇ ಬಸ್ ಹತ್ತಿದೆ. ಮನೆಗೆ ಬಂದರೆ ಅಮ್ಮ ದಿಂಬಿಗೆ ಒರಗಿ ಕೂತಿದ್ದರು, ಬಾಗಿಲ ಕಡೆಗೇ ಕಣ್ಣು. ಅವರಿಗೆ ಸುಳ್ಳು ಹೇಳಿ ನನಗೆ ಸಾಕಾಗಿತ್ತು. ಎಲ್ಲ ಹೇಳಿಬಿಟ್ಟೆ.

"ಅವನ ಪಾಲೂ ತಿಂದರಾ?"

"ಹೌದಮ್ಮ."

"ಎಡ್ಡೆ ಆಂಡ್," ಎಂದರು. ಒಳ್ಳೆಯದಾಯಿತು ಎಂದು ಇನ್ನೊಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ, "ಆ ಮನುಷ್ಯನಿಗೆ ಫೋನ್ ಹಾಕು," ಎಂದರು.

ಹಾಕಿಕೊಟ್ಟೆ. ಅಮ್ಮ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ದೂರದ ಊರಿಗೆ ಕೇಳಿಸಬೇಕೆನ್ನುವಂತೆ ಗಟ್ಟಿಯಾಗಿ ಹೇಳಿದರು: "ನಾನು ಪ್ರಶಾಂತನ ತಾಯಿ. ನೀವು ಉಂಡದ್ದು ಒಳ್ಳೇದಾಯ್ತು ಮಗಾ. ಅವನು ಮೇಲೆ ಕೂತದ್ದು ಅದಕ್ಕೇ ಅಲ್ವಾ?"

ಆ ಕಡೆಯಿಂದ ಗುರಲಿಂಗಣ್ಣನ ಅಳು ಕೇಳಿಸಿತು. ಅಮ್ಮ ಫೋನ್ ಇಡಲಿಲ್ಲ. ಆ ಅಳು ನಿಲ್ಲುವವರೆಗೂ ಕಿವಿಗೆ ಹಿಡಿದುಕೊಂಡೇ ಕೂತಿದ್ದರು.